ಒಗರು ಬಲ್ಲ ನಾಲಿಗೆಗೆ ವೈನ್ ದ್ರಾಕ್ಷಿಯ ತಳಿಗಳು: ಹುಬ್ಬಳ್ಳಿ-ಧಾರವಾಡದಲ್ಲಿ ಕುಳಿತು ಗುರುತಿಸುವ ಕ್ರಮ

ವೈನ್ ಬಾಟಲಿಯ ಹಿಂಬದಿಯ ಚೀಟಿಯನ್ನು ಓದಲು ಹೊರಟವರಿಗೆ ಮೊದಲು ಎದುರಾಗುವುದು ಅಪರಿಚಿತ ಹಣ್ಣುಗಳ ಪಟ್ಟಿ. ಬ್ಲ್ಯಾಕ್‌ಕರಂಟ್, ಗೂಸ್‌ಬೆರಿ, ಎಲ್ಡರ್ ಹೂವು, ಸೀಡರ್ ಮರ ಎಂದೆಲ್ಲ ಅಲ್ಲಿ ಬರೆದಿರುತ್ತದೆ. ಇವುಗಳಲ್ಲಿ ಒಂದನ್ನಾದರೂ ನಾವು ಧಾರವಾಡದ ಸೂಪರ್ ಮಾರ್ಕೆಟ್ಟಿನಲ್ಲಾಗಲಿ, ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಾಗಲಿ ಕೈಯಲ್ಲಿ ಹಿಡಿದು ಮೂಸಿದವರಲ್ಲ. ಮೂಸಿ ನೋಡದ ಹಣ್ಣಿನ ಹೆಸರು ಹೇಳಿ, ಇನ್ನೂ ಕುಡಿಯದ ವೈನ್‌ನ ಗುಣವನ್ನು ತಿಳಿಸಲು ಯಾರಿಂದಲೂ ಆಗದು. ಹೀಗಾಗಿ ಬಹಳಷ್ಟು ಜನ ಚೀಟಿಯನ್ನು ಬದಿಗಿಟ್ಟು, ಕೆಂಪೋ ಬಿಳಿಯೋ ಎಂಬಷ್ಟಕ್ಕೇ ತೃಪ್ತರಾಗುತ್ತಾರೆ.

ಈ ಲೇಖನದಲ್ಲಿ ವಿವರಿಸುವ ಕ್ರಮ ಬೇರೆ. ದ್ರಾಕ್ಷಿಯ ತಳಿಗಳು ಫ್ರಾನ್ಸ್, ಇಟಲಿ, ಸ್ಪೇನ್ ದೇಶಗಳಿಂದ ಬಂದವಾಗಿರಲಿ, ಅವುಗಳ ಗುಣವನ್ನು ಅಳೆಯುವ ಅಳತೆಗಳು ನಮ್ಮ ಸಂತೆ ಮತ್ತು ಅಡುಗೆಮನೆಯವೇ ಆಗಿರಲಿ ಎಂಬುದು ಇದರ ಮೂಲ. ಅದಕ್ಕೆ ಬೇಕಾದ ಅತಿಮುಖ್ಯ ಪದವನ್ನು ನಾವು ಹೊಸದಾಗಿ ಹುಡುಕಬೇಕಾಗಿಯೂ ಇಲ್ಲ, ಏಕೆಂದರೆ ಅಡಿಕೆ, ನೇರಳೆ, ನೆಲ್ಲಿ, ಬಾಳೆಕಾಯಿಗಳನ್ನು ತಿಂದು ಬೆಳೆದ ಪ್ರತಿಯೊಬ್ಬರಿಗೂ ‘ಒಗರು’ ಎಂದರೆ ಏನೆಂಬುದು ಗೊತ್ತು. ಕೆಂಪು ವೈನ್‌ನ ಅರ್ಧ ಗುಟ್ಟು ಆ ಒಂದು ಪದದಲ್ಲಿದೆ.

ಮೊದಲ ಹೆಜ್ಜೆ: ಬಾಟಲಿಗಿಂತ ಮೊದಲು ಹಣ್ಣು

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ವಿಜಯಪುರದ ಕಡೆಯ ದ್ರಾಕ್ಷಿ ನಮ್ಮ ತಳ್ಳುಗಾಡಿಗಳ ತುಂಬ ಇರುತ್ತದೆ. ಅದರಲ್ಲಿ ಹೆಚ್ಚಿನದು ತಿನ್ನುವುದಕ್ಕೂ ಒಣದ್ರಾಕ್ಷಿಗೂ ಬೆಳೆದ ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಬಳಗದ ತಳಿಗಳು. ಇವುಗಳ ಜೊತೆಗೆ ಬೀಜವಿರುವ ಕಪ್ಪು ದ್ರಾಕ್ಷಿಯ ಒಂದು ಗೊಂಚಲನ್ನೂ ಹುಡುಕಿ ತರಬೇಕು. ಒಂದು ಹಣ್ಣನ್ನು ಮುಂಬಲ್ಲಿನಿಂದ ಸೀಳಿ, ತಿರುಳನ್ನು ಮಾತ್ರ ಮೊದಲು ತಿನ್ನಬೇಕು. ಅದು ಸಿಹಿಯಾಗಿ, ತುಸು ಹುಳಿಯಾಗಿ, ಹೆಚ್ಚುಕಡಿಮೆ ಬಣ್ಣವಿಲ್ಲದೆ ಇರುತ್ತದೆ. ಅನಂತರ ಸಿಪ್ಪೆಯನ್ನು ಮಾತ್ರ ಅಗಿಯಬೇಕು. ಆಗ ಬೆರಳಿಗೆ ನೇರಳೆ ಬಣ್ಣ ಹತ್ತುತ್ತದೆ, ನಾಲಿಗೆಯ ಮೇಲೆ ಒಗರು ಹರಡುತ್ತದೆ. ಕೊನೆಗೆ ಬೀಜವನ್ನು ಕಚ್ಚಿದರೆ ಒಗರಿನ ಜೊತೆ ಕಹಿಯೂ ಸಿಗುತ್ತದೆ.

ಈ ಮೂರು ತುತ್ತುಗಳಲ್ಲಿ ವೈನ್ ತಯಾರಿಕೆಯ ಮುಖ್ಯ ತತ್ತ್ವವನ್ನು ನೀವು ತಿಂದು ನೋಡಿದಂತಾಯಿತು. ರಸವನ್ನು ಸಿಪ್ಪೆಯಿಂದ ಬೇಗ ಬೇರ್ಪಡಿಸಿ ಹುದುಗಿಸಿದರೆ ಬಿಳಿ ವೈನ್, ಸಿಪ್ಪೆ ಮತ್ತು ಬೀಜಗಳೊಂದಿಗೇ ದಿನಗಟ್ಟಲೆ ಹುದುಗಿಸಿದರೆ ಕೆಂಪು ವೈನ್, ಕಪ್ಪು ದ್ರಾಕ್ಷಿಯ ಸಿಪ್ಪೆಯ ಜೊತೆ ಕೆಲವೇ ಗಂಟೆ ಬಿಟ್ಟು ರಸ ತೆಗೆದರೆ ರೋಸೆ ಎಂಬ ಗುಲಾಬಿ ಬಣ್ಣದ ವೈನ್. ಕಪ್ಪು ದ್ರಾಕ್ಷಿಯಿಂದಲೂ ಬಿಳಿ ವೈನ್ ಮಾಡಬಹುದು ಎಂಬ ಮಾತು ಒಗಟಿನಂತೆ ಕೇಳಿಸಿದರೂ, ತಿರುಳಿಗೆ ಬಣ್ಣವಿಲ್ಲವೆಂದು ಕಂಡವರಿಗೆ ಅದು ಸಹಜವಾಗಿ ತೋರುತ್ತದೆ. ಫ್ರಾನ್ಸಿನ ಷಾಂಪೇನ್ ಪ್ರಾಂತ್ಯದಲ್ಲಿ ಅದನ್ನು ಬಹುಕಾಲದಿಂದ ಮಾಡುತ್ತಲೇ ಬಂದಿದ್ದಾರೆ.

ತಿನ್ನುವ ದ್ರಾಕ್ಷಿಗೂ ವೈನ್ ದ್ರಾಕ್ಷಿಗೂ ಇರುವ ವ್ಯತ್ಯಾಸವೂ ಇಲ್ಲಿಂದಲೇ ತಿಳಿಯುತ್ತದೆ. ತಿನ್ನುವ ಹಣ್ಣು ದಪ್ಪಗೆ, ತೆಳುಸಿಪ್ಪೆಯದಾಗಿ, ಬೀಜವಿಲ್ಲದೆ ಇರಬೇಕೆಂದು ಗ್ರಾಹಕರು ಬಯಸುತ್ತಾರೆ. ವೈನ್‌ಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧವಾದ ಸಣ್ಣ ಹಣ್ಣು. ಹಣ್ಣು ಸಣ್ಣದಿದ್ದಷ್ಟೂ ರಸದ ಪಾಲಿಗೆ ಸಿಪ್ಪೆ ಹೆಚ್ಚು, ಸಿಪ್ಪೆ ಹೆಚ್ಚಿದ್ದಷ್ಟೂ ಬಣ್ಣ, ಒಗರು, ಪರಿಮಳಗಳು ಹೆಚ್ಚು. ಸಕ್ಕರೆಯ ಪ್ರಮಾಣವೂ ವೈನ್ ದ್ರಾಕ್ಷಿಯಲ್ಲೇ ಜಾಸ್ತಿ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ 1ರಷ್ಟು ಆಲ್ಕೋಹಾಲ್ ಬರುವುದರಿಂದ, ಶೇ 13ರ ವೈನ್‌ಗೆ ಲೀಟರಿಗೆ 220 ಗ್ರಾಂನಷ್ಟು ಸಕ್ಕರೆ ಹಣ್ಣಿನಲ್ಲಿಯೇ ಕೂಡಿರಬೇಕಾಗುತ್ತದೆ.

ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರ ಭಾಗದ ಬೆಂಗಳೂರು ಬ್ಲೂ ದ್ರಾಕ್ಷಿಯ ಬಗ್ಗೆ ಇಲ್ಲಿ ಒಂದು ಮಾತು. 2013ರಲ್ಲಿ ಭೌಗೋಳಿಕ ಗುರುತು ಪಡೆದ ಈ ತಳಿಯಲ್ಲಿ ಅಮೆರಿಕದ ಲಬ್ರಸ್ಕಾ ದ್ರಾಕ್ಷಿಯ ರಕ್ತವಿದೆ. ದ್ರಾಕ್ಷಿ ಪೆಪ್ಪರಮಿಂಟ್‌ನಲ್ಲಿ ಬರುವ ಆ ಗಾಢ ವಾಸನೆ ಇದರ ಸಹಜ ವಾಸನೆ. ಜ್ಯೂಸಿಗೂ ಸಿಹಿಯಾದ ಪೋರ್ಟ್ ಮಾದರಿಯ ವೈನ್‌ಗೂ ಇದು ಹೊಂದುತ್ತದೆ. ಆದರೆ ಇದೊಂದನ್ನೇ ಕುಡಿದು ‘ವೈನ್ ಎಂದರೆ ಸಿಹಿ ಪಾನಕ’ ಎಂದು ನಿರ್ಧರಿಸಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಮುಂದೆ ಹೇಳುವ ತಳಿಗಳೆಲ್ಲ ಯೂರೋಪಿನ ವಿನಿಫೆರಾ ಜಾತಿಗೆ ಸೇರಿದವು.

ಎರಡನೆಯ ಹೆಜ್ಜೆ: ನಾಲಿಗೆಗೆ ನಾಲ್ಕು ಅಳತೆ

ಹುಳಿ, ಒಗರು, ಮೈ, ವಾಸನೆ ಎಂಬ ನಾಲ್ಕನ್ನು ಇದೇ ಕ್ರಮದಲ್ಲಿ ಗಮನಿಸುವ ರೂಢಿ ಮಾಡಿಕೊಳ್ಳಬೇಕು.

ಹುಳಿಗೆ ಹುಣಸೆಹಣ್ಣು ನಮ್ಮ ಅಳತೆಗೋಲು. ಇದು ಬರಿಯ ಹೋಲಿಕೆಯಲ್ಲ. ದ್ರಾಕ್ಷಿಯ ಮುಖ್ಯ ಆಮ್ಲವಾದ ಟಾರ್ಟಾರಿಕ್ ಆಮ್ಲವೇ ಹುಣಸೆಹಣ್ಣಿನಲ್ಲೂ ಇದೆ. ಒಂದು ಲೋಟ ನೀರಿಗೆ ಹುಣಸೆರಸವನ್ನು ಹನಿಹನಿಯಾಗಿ ಸೇರಿಸುತ್ತ ಕುಡಿದು ನೋಡಿದರೆ, ನುಂಗಿದ ಮೇಲೆ ದವಡೆಯ ಎರಡೂ ಬದಿಯಲ್ಲಿ ಬಾಯಿ ನೀರೂರುವುದು ತಿಳಿಯುತ್ತದೆ. ವೈನ್‌ನ ಹುಳಿಯನ್ನು ಅಳೆಯಬೇಕಾದದ್ದು ಈ ನೀರೂರುವಿಕೆಯಿಂದ. ಸಿಹಿ ಬೆರೆತಿದ್ದಾಗ ನಾಲಿಗೆ ಮೋಸ ಹೋಗುತ್ತದೆ, ದವಡೆ ಮೋಸ ಹೋಗುವುದಿಲ್ಲ.

ಒಗರಿಗೆ ಹಾಲು ಹಾಕದೆ ಹತ್ತು ನಿಮಿಷ ಕುದಿಸಿದ ಚಹಾ ಸಾಕು. ಅದರಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ನಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ನಾಲಿಗೆಯ ಜಾರುವಿಕೆಯನ್ನು ಕಳೆಯುವುದರಿಂದ, ಒಸಡಿನ ಮೇಲೆ ನಾಲಿಗೆ ಆಡಿಸಿದಾಗ ಒರಟೆನಿಸುತ್ತದೆ. ಅದೇ ಚಹಾಕ್ಕೆ ಎರಡು ಚಮಚ ಹಾಲು ಹಾಕಿದೊಡನೆ ಆ ಒರಟುತನ ಇಳಿಯುತ್ತದೆ, ಏಕೆಂದರೆ ಟ್ಯಾನಿನ್‌ಗೆ ಅಂಟಿಕೊಳ್ಳಲು ಈಗ ಹಾಲಿನ ಪ್ರೋಟೀನ್ ಸಿಕ್ಕಿದೆ. ಮಾಂಸ, ಪನೀರುಗಳ ಜೊತೆ ಒಗರಿನ ಕೆಂಪು ವೈನ್ ಮೆತ್ತಗಾಗುವುದಕ್ಕೂ ಇದು ಒಂದು ಕಾರಣ.

ಮೈ ಎಂದರೆ ಬಾಯಿಯಲ್ಲಿ ತಿಳಿಯುವ ತೂಕ. ತಿಳಿ ಮಜ್ಜಿಗೆಗೂ ಈಗಷ್ಟೇ ಕಡೆದ ಗಟ್ಟಿ ಮಜ್ಜಿಗೆಗೂ ಇರುವ ವ್ಯತ್ಯಾಸವನ್ನು ಬಲ್ಲವರಿಗೆ ಹೆಚ್ಚು ವಿವರಣೆ ಬೇಕಿಲ್ಲ. ಆಲ್ಕೋಹಾಲ್ ಹೆಚ್ಚಿದ್ದಷ್ಟೂ, ಸಿಹಿ ಉಳಿದಿದ್ದಷ್ಟೂ ಮೈ ಭಾರವಾಗುತ್ತದೆ. ವಾಸನೆಯ ಮಾತು ದೊಡ್ಡದಾದ್ದರಿಂದ ಅದನ್ನು ಒಂದೊಂದು ತಳಿಯ ಜೊತೆಗೇ ನೋಡುವುದು ಒಳ್ಳೆಯದು.

ಮೂರನೆಯ ಹೆಜ್ಜೆ: ಬಾಟಲಿಯನ್ನು ಆರಿಸುವುದು ಮತ್ತು ಹದದಲ್ಲಿಡುವುದು

ಕಲಿಯುವುದಕ್ಕೆ ನಾಲ್ಕು ಬಾಟಲಿ ಸಾಕು: ಸೋವಿನ್ಯೋನ್ ಬ್ಲಾಂಕ್, ಶೆನಿನ್ ಬ್ಲಾಂಕ್, ಶಿರಾಜ್, ಕ್ಯಾಬರ್ನೆ ಸೋವಿನ್ಯೋನ್. ಈ ನಾಲ್ಕೂ ನಮ್ಮ ದೇಶದಲ್ಲೇ ಬೆಳೆದು ತಯಾರಾಗುತ್ತವೆ. ನಂದಿಬೆಟ್ಟದ ಬುಡದಲ್ಲಿ ಗ್ರೋವರ್ ಕುಟುಂಬ 1988ರಲ್ಲಿ ವೈನ್ ದ್ರಾಕ್ಷಿಯ ಬೇಸಾಯಕ್ಕೆ ಕೈಹಾಕಿತು. ನಾಸಿಕದ ಸುಲಾ ತನ್ನ ಮೊದಲ ವೈನ್‌ಗಳನ್ನು 2000ದಲ್ಲಿ ಹೊರತಂದಿತು. ಅಕಲೂಜಿನ ಫ್ರಾಟೆಲ್ಲಿಯೂ, ಗದಗಿನವರಿಗೆ ನೆರೆಯೆನ್ನಬಹುದಾದ ಹಂಪಿ ಬೆಟ್ಟಸಾಲಿನ ಹೆಸರು ಹೊತ್ತ ಕೃಷ್ಮಾ ಕೂಡ ಅನಂತರ ಬಂದವು. ಕರ್ನಾಟಕ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಾಗ ವಿಜಯಪುರ, ಬಾಗಲಕೋಟೆ, ಬೆಳಗಾವಿ ಭಾಗಗಳನ್ನು ಕೃಷ್ಣಾ ಕಣಿವೆ ಎಂದೂ, ಬೆಂಗಳೂರಿನ ಸುತ್ತಲಿನದನ್ನು ನಂದಿ ಕಣಿವೆ ಎಂದೂ ಗುರುತಿಸಿತು.

ಚೀಟಿಯಲ್ಲಿ ಮೊದಲು ನೋಡಬೇಕಾದದ್ದು ತಳಿಯ ಹೆಸರು. ಒಂದೇ ತಳಿಯ ಹೆಸರಿದ್ದರೂ ಒಳಗೆ ಬೇರೆ ತಳಿ ತುಸು ಬೆರೆತಿರಬಹುದು ಎಂಬುದು ನೆನಪಿರಲಿ. ಅಮೆರಿಕದ ಸಾಮಾನ್ಯ ನಿಯಮದಲ್ಲಿ ಶೇ 75ರಷ್ಟು, ಯೂರೋಪಿನ ಒಕ್ಕೂಟದಲ್ಲಿ ಶೇ 85ರಷ್ಟು ಆ ತಳಿ ಇದ್ದರೆ ಅದರ ಹೆಸರನ್ನು ಹಾಕಬಹುದು. ಎರಡನೆಯದಾಗಿ ಕೊಯ್ಲಿನ ವರ್ಷವನ್ನು ನೋಡಬೇಕು. ನಮ್ಮಲ್ಲಿ ಏಪ್ರಿಲ್ ಚಾಟ್ನಿ ಮತ್ತು ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆ ಎರಡು ಬಾರಿ ಬಳ್ಳಿಯನ್ನು ಸವರುವುದರಿಂದ ಹಣ್ಣು ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲಿಗೆ ಬರುತ್ತದೆ. ಯೂರೋಪಿನಲ್ಲಾದರೆ ಅದು ಸೆಪ್ಟೆಂಬರಿನ ಕೆಲಸ. ಆದ್ದರಿಂದ ಈ ವರ್ಷದ ಕೊಯ್ಲಿನ ಬಿಳಿ ವೈನ್ ಈ ವರ್ಷವೇ ಅಂಗಡಿಗೆ ಬರುವುದುಂಟು. ಸಾಮಾನ್ಯ ಬಿಳಿ ವೈನ್ ಎರಡು ವರ್ಷದೊಳಗಿನದಾಗಿರಲಿ. ‘ಹಳೆಯದಾದಷ್ಟೂ ಒಳ್ಳೆಯದು’ ಎಂಬ ಮಾತು ಆಯ್ದ ಕೆಲವು ವೈನ್‌ಗಳಿಗಷ್ಟೇ ಸಲ್ಲುತ್ತದೆ.

ಬಾಟಲಿ ಎಲ್ಲಿ ನಿಂತಿತ್ತು ಎಂಬುದು ತಳಿಯಷ್ಟೇ ಮುಖ್ಯ. ಅಂಗಡಿಯ ಗಾಜಿನ ಕಪಾಟಿನಲ್ಲಿ ಮಧ್ಯಾಹ್ನದ ಬಿಸಿಲು ಬೀಳುವ ಸಾಲಿನಿಂದ ತೆಗೆದುಕೊಟ್ಟದ್ದನ್ನು ಕೊಳ್ಳಬಾರದು. ಈ ಪಾಠವನ್ನು ನಾನು ಕಲಿತದ್ದು ಅಂಗಡಿಯವರಿಂದಲ್ಲ, ನನ್ನದೇ ಅವಿವೇಕದಿಂದ. ಮೊದಲು ಕೊಂಡ ಶಿರಾಜ್ ಬಾಟಲಿಯನ್ನು ಮನೆಗೆ ಬಂದವರ ಕಣ್ಣಿಗೆ ಬೀಳದಿರಲೆಂದು ಅಡುಗೆಮನೆಯ ಅಟ್ಟದ ಮೇಲೆ, ಗ್ಯಾಸ್ ಒಲೆಯ ನೆತ್ತಿಗೆ ಸರಿಯಾಗಿ, ಒಂದು ಇಡೀ ಬೇಸಿಗೆ ಇಟ್ಟಿದ್ದೆ. ದೀಪಾವಳಿಯ ಹೊತ್ತಿಗೆ ತೆಗೆದಾಗ ಬಿರಡೆ ಕೂದಲೆಳೆಯಷ್ಟು ಮೇಲೆದ್ದಿತ್ತು, ಬಣ್ಣ ಇಟ್ಟಿಗೆಗೆ ತಿರುಗಿತ್ತು, ಬೇಯಿಸಿದ ಒಣದ್ರಾಕ್ಷಿಯ ವಾಸನೆ ಬರುತ್ತಿತ್ತು. ಅದು ಬಿಸಿಗೆ ಕೆಟ್ಟ ವೈನ್ ಎಂದು ತಿಳಿಯದೆ, ಶಿರಾಜ್ ತಳಿಯ ಗುಣವೇ ಹಾಗೆ ಎಂದು ನಾನು ಬಹಳ ದಿನ ನಂಬಿದ್ದೆ.

ಕುಡಿಯುವಾಗಿನ ಹದದ ಬಗ್ಗೆಯೂ ಎಚ್ಚರ ಬೇಕು. ಕೆಂಪು ವೈನನ್ನು ಕೋಣೆಯ ಹದದಲ್ಲಿ ಕುಡಿಯಬೇಕೆಂಬ ಸಲಹೆ ಚಳಿಯ ದೇಶದ ಕೋಣೆಯನ್ನು ನೆನೆದು ಹೇಳಿದ್ದು. ಏಪ್ರಿಲ್‌ನ ಹುಬ್ಬಳ್ಳಿಯ ಕೋಣೆ 30 ಡಿಗ್ರಿ ದಾಟಿರುತ್ತದೆ. ಆ ಶಾಖದಲ್ಲಿ ಯಾವ ತಳಿಯೇ ಆದರೂ ಆಲ್ಕೋಹಾಲಿನ ಘಾಟೊಂದೇ ಮೂಗಿಗೆ ಬಡಿಯುತ್ತದೆ. ಕೆಂಪಿಗೆ 16ರಿಂದ 18 ಡಿಗ್ರಿ, ಬಿಳಿಗೆ 8ರಿಂದ 12 ಡಿಗ್ರಿ ಸರಿಯಾದ ಹದ. ಕೆಂಪನ್ನು ಫ್ರಿಜ್ಜಿನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಇಟ್ಟು ತೆಗೆಯಬೇಕು. ಬಿಳಿಯನ್ನು ಎರಡು ಮೂರು ಗಂಟೆ ಇಟ್ಟು, ಹೊರತೆಗೆದ ಹತ್ತು ನಿಮಿಷದ ಮೇಲೆ ಬಗ್ಗಿಸಬೇಕು. ಅತಿಯಾಗಿ ತಣ್ಣಗಾದರೆ ವಾಸನೆ ಏಳುವುದಿಲ್ಲ.

ನಾಲ್ಕನೆಯ ಹೆಜ್ಜೆ: ಎರಡು ಬಿಳಿ ವೈನ್, ಒಂದು ಪೇರಲ ಹಣ್ಣು

ಒಂದೇ ವೈನನ್ನು ಕುಡಿದು ತಳಿಯನ್ನು ತಿಳಿಯಲಾಗದು, ಎರಡನ್ನು ಪಕ್ಕಪಕ್ಕದಲ್ಲಿಟ್ಟಾಗಲೇ ವ್ಯತ್ಯಾಸ ಮಾತಾಡುತ್ತದೆ. 750 ಮಿಲಿಲೀಟರಿನ ಬಾಟಲಿಯಲ್ಲಿ 60 ಮಿಲಿಲೀಟರಿನಂತೆ ಹನ್ನೆರಡು ಜನಕ್ಕೆ ಹಂಚಬಹುದಾದ್ದರಿಂದ, ಗೆಳೆಯರು ನಾಲ್ಕೈದು ಜನ ಸೇರಿದರೆ ಖರ್ಚೂ ಹಗುರ, ಕುಡಿತವೂ ಮಿತ. ಮೂಸಿ, ಬಾಯಲ್ಲಿ ಆಡಿಸಿ, ಉಗುಳಿಬಿಡುವುದು ಈ ಕಲಿಕೆಯಲ್ಲಿ ಅವಮಾನವಲ್ಲ. ಗಾಡಿ ಓಡಿಸಿಕೊಂಡು ಮನೆಗೆ ಹೋಗಬೇಕಾದವರು ಉಗುಳಲೇಬೇಕು. ಗಾಜಿನ ಲೋಟಕ್ಕೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹಾಕಬಾರದು, ಮೇಲಿನ ಖಾಲಿ ಜಾಗ ವಾಸನೆ ನಿಲ್ಲುವುದಕ್ಕೆ ಬೇಕು.

ಸೋವಿನ್ಯೋನ್ ಬ್ಲಾಂಕ್ ಫ್ರಾನ್ಸಿನ ಲ್ವಾರ್ ಕಣಿವೆ ಮತ್ತು ಬೋರ್ಡೋ ಕಡೆಯ ತಳಿ. ಜಗತ್ತಿಗೆಲ್ಲ ಅದನ್ನು ಮತ್ತೆ ಪರಿಚಯಿಸಿದ್ದು ನ್ಯೂಜಿಲೆಂಡಿನ ಮಾರ್ಲ್‌ಬರೋ. ಇದನ್ನು ಗುರುತಿಸಲು ಹಣ್ಣಾದ ನವಲೂರ ಪೇರಲವನ್ನು ಪಕ್ಕದಲ್ಲಿ ಕೊಯ್ದಿಡಬೇಕು. ಮೊದಲು ಪೇರಲವನ್ನು, ಬಳಿಕ ಲೋಟವನ್ನು ಮೂಸಿದರೆ ಎರಡರ ನಡುವೆ ಒಂದು ಎಳೆ ಸಿಗುತ್ತದೆ. ಇದು ಕಲ್ಪನೆಯಲ್ಲ: ಗಂಧಕವಿರುವ ಥಯಾಲ್ ಎಂಬ ಬಗೆಯ ಕೆಲವು ಸಂಯುಕ್ತಗಳು ಸೋವಿನ್ಯೋನ್ ಬ್ಲಾಂಕ್ ವೈನ್‌ನಲ್ಲೂ ಪೇರಲದಲ್ಲೂ ಇರುವುದನ್ನು ರಸಾಯನ ವಿಜ್ಞಾನಿಗಳು ಗುರುತಿಸಿದ್ದಾರೆ. ಅದರ ಹಿಂದೆಯೇ ಬರುವ ಇನ್ನೊಂದು ವಾಸನೆ ಹಸಿರು ದೊಣ್ಣೆ ಮೆಣಸಿನಕಾಯಿಯದು, ಅಥವಾ ಆಗ ತಾನೆ ಕೊಯ್ದ ಹುಲ್ಲಿನದು. ಪೈರಜೀನ್ ಎಂಬ ಸಂಯುಕ್ತ ಅದಕ್ಕೆ ಕಾರಣ. ಬಿಸಿಲು ಹೆಚ್ಚಿದ್ದಷ್ಟೂ ಅದು ಹಣ್ಣಿನಲ್ಲಿ ಕಡಿಮೆಯಾಗುವುದರಿಂದ, ನಮ್ಮ ದೇಶದ ಸೋವಿನ್ಯೋನ್ ಬ್ಲಾಂಕ್‌ನಲ್ಲಿ ಹಸಿರು ವಾಸನೆ ಮೆಲುವಾಗಿರುವುದೇ ಹೆಚ್ಚು. ನಾಲಿಗೆಯ ಮೇಲೆ ಮೈ ತಿಳಿ, ಹುಳಿ ಚುರುಕು.

ಶೆನಿನ್ ಬ್ಲಾಂಕ್, ಅಂಗಡಿಯವರ ಬಾಯಲ್ಲಿ ಚೆನಿನ್, ಅದೇ ಲ್ವಾರ್ ಕಣಿವೆಯದು. ದಕ್ಷಿಣ ಆಫ್ರಿಕದಲ್ಲಿ ಸ್ಟೀನ್ ಎಂಬ ಹೆಸರಿನಿಂದ ಬೇರೂರಿದೆ. ಭಾರತದಲ್ಲಿ ಇದು ಇಷ್ಟು ಹರಡಿರುವುದಕ್ಕೆ ಕಾರಣವನ್ನು ನಮ್ಮ ಹವೆಯಲ್ಲೇ ಹುಡುಕಬೇಕು. ರಾತ್ರಿಯೂ ಸೆಕೆ ಇದ್ದರೆ ಹಣ್ಣು ತನ್ನೊಳಗಿನ ಮ್ಯಾಲಿಕ್ ಆಮ್ಲವನ್ನು ಉಸಿರಾಟಕ್ಕೆ ಖರ್ಚು ಮಾಡಿಕೊಳ್ಳುತ್ತದೆ. ಸಕ್ಕರೆ ಏರುವಷ್ಟರಲ್ಲಿ ಹುಳಿ ಇಳಿದು, ವೈನ್ ಸಪ್ಪೆಯಾಗುತ್ತದೆ. ಶೆನಿನ್ ತನ್ನ ಹುಳಿಯನ್ನು ಸುಲಭವಾಗಿ ಬಿಟ್ಟುಕೊಡದ ತಳಿ. ಅಲ್ಲದೆ ಒಂದೇ ಹಣ್ಣಿನಿಂದ ಸಿಹಿಯಿಲ್ಲದ ವೈನ್, ಅರೆಸಿಹಿ, ತಡವಾಗಿ ಕೊಯ್ದ ಪೂರ್ತಿ ಸಿಹಿ, ನೊರೆವೈನ್ ಎಲ್ಲವನ್ನೂ ಮಾಡಬಹುದು. ವಾಸನೆಯಲ್ಲಿ ಸೇಬು, ಆಗಷ್ಟೇ ಹಣ್ಣಾದ ಬಾಳೆ, ಜೇನು. ಸೋವಿನ್ಯೋನ್ ಬ್ಲಾಂಕ್ ಮೂಗಿಗೆ ಎದ್ದು ಬಂದರೆ ಶೆನಿನ್ ತುಸು ಕಾಯುವಂತೆ ಮಾಡುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಊಟದ ಜೊತೆಗೆ ಮೊದಲ ಬಾಟಲಿಯಾಗಿ ಇದಕ್ಕಿಂತ ಹೊಂದುವ ತಳಿ ಇನ್ನೊಂದಿಲ್ಲ.

ಐದನೆಯ ಹೆಜ್ಜೆ: ಎರಡು ಕೆಂಪು ವೈನ್, ಕರಿಮೆಣಸು ಮತ್ತು ನೇರಳೆ

ಇದನ್ನು ಜೂನ್ ತಿಂಗಳಲ್ಲಿ, ನೇರಳೆ ಬುಟ್ಟಿಗಳು ರಸ್ತೆಗೆ ಇಳಿದ ಕಾಲದಲ್ಲಿ ಮಾಡಿದರೆ ಉತ್ತಮ. ಶಿರಸಿ ಕಡೆಯ ಕರಿಮೆಣಸಿನ ಹತ್ತು ಕಾಳನ್ನು ಕುಟ್ಟಿ ಒಂದು ಬಟ್ಟಲಲ್ಲಿ, ತೊಳೆದ ನೇರಳೆಯನ್ನು ಇನ್ನೊಂದರಲ್ಲಿ ಇಟ್ಟುಕೊಳ್ಳಬೇಕು.

ಶಿರಾಜ್ ಮತ್ತು ಸಿರಾ ಎರಡೂ ಒಂದೇ ತಳಿ. ಫ್ರಾನ್ಸಿನ ರೋನ್ ಕಣಿವೆಯಲ್ಲಿ ಸಿರಾ, ಆಸ್ಟ್ರೇಲಿಯದಲ್ಲಿ ಶಿರಾಜ್. ಇರಾನಿನ ಶಿರಾಜ್ ನಗರದಿಂದ ಬಂದದ್ದೆಂಬ ಕಥೆ ಬಹುಕಾಲ ಚಾಲ್ತಿಯಲ್ಲಿತ್ತು. ಆದರೆ ಇದರ ತಂದೆತಾಯಿಗಳು ಆಗ್ನೇಯ ಫ್ರಾನ್ಸಿನ ದುರೇಜಾ ಮತ್ತು ಮೊಂಡ್ಯೂಸ್ ಬ್ಲಾಂಶ್ ಎಂಬ ತಳಿಗಳೆಂದು ಡಿಎನ್ಎ ಪರೀಕ್ಷೆ ತೋರಿಸಿಕೊಟ್ಟಿತು. ಬಿಸಿಲನ್ನು ತಾಳಿಕೊಳ್ಳುವ ಈ ತಳಿಗೆ ದಖ್ಖನ್ ಪ್ರಸ್ಥಭೂಮಿ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಬಣ್ಣ ಗಾಢ, ಮೈ ಭಾರ, ಒಗರು ದುಂಡಗೆ. ವಾಸನೆಯಲ್ಲಿ ಕಪ್ಪು ಹಣ್ಣುಗಳ ಹಿಂದೆ ಕರಿಮೆಣಸು ಸುಳಿಯುತ್ತದೆ. ಆಸ್ಟ್ರೇಲಿಯದ ಸಂಶೋಧಕರು 2008ರಲ್ಲಿ ರೋಟಂಡೋನ್ ಎಂಬ ಸಂಯುಕ್ತವನ್ನು ಶಿರಾಜ್‌ನಲ್ಲಿ ಗುರುತಿಸಿ, ಕರಿಮೆಣಸಿನ ವಾಸನೆಗೂ ಅದೇ ಕಾರಣವೆಂದು ತಿಳಿಸಿದರು. ವಿಚಿತ್ರವೆಂದರೆ ಸುಮಾರು ಐದರಲ್ಲಿ ಒಬ್ಬರ ಮೂಗಿಗೆ ರೋಟಂಡೋನ್ ತಿಳಿಯುವುದೇ ಇಲ್ಲ. ನಿಮ್ಮ ಗುಂಪಿನಲ್ಲಿ ಒಬ್ಬರು ಮೆಣಸಿನ ವಾಸನೆ ಎಲ್ಲಿದೆಯೆಂದು ಮತ್ತೆ ಮತ್ತೆ ಕೇಳಿದರೆ ಅವರನ್ನು ಗೇಲಿ ಮಾಡಬಾರದು. ಹವೆ ತಂಪಾಗಿದ್ದಷ್ಟೂ ಈ ವಾಸನೆ ಹೆಚ್ಚು. ಬಿಸಿ ಹವೆಯ ಶಿರಾಜ್‌ನಲ್ಲಿ ಅದರ ಬದಲು ಹಣ್ಣಿನ ಪಾಕದ ಗುಣ ಮುಂದೆ ಬರುತ್ತದೆ.

ಕ್ಯಾಬರ್ನೆ ಸೋವಿನ್ಯೋನ್ ಬೋರ್ಡೋದ ತಳಿ. ಅದರ ತಂದೆತಾಯಿ ಕ್ಯಾಬರ್ನೆ ಫ್ರಾಂಕ್ ಮತ್ತು ಸೋವಿನ್ಯೋನ್ ಬ್ಲಾಂಕ್ ಎಂದು ಕ್ಯಾಲಿಫೋರ್ನಿಯದ ಡೇವಿಸ್ ವಿಶ್ವವಿದ್ಯಾಲಯದ ಸಂಶೋಧಕರು 1997ರಲ್ಲಿ ಪ್ರಕಟಿಸಿದರು. ಕೆಂಪು ಮಗುವಿಗೆ ಬಿಳಿ ತಳಿಯೊಂದು ಹೆತ್ತವಳಾದದ್ದು ಓದುಗರಿಗೆ ಸೋಜಿಗವೆನಿಸಬಹುದು, ಆದರೆ ವಾಸನೆ ನೋಡಿದವರಿಗೆ ನಂಟು ತಿಳಿಯುತ್ತದೆ: ಅದೇ ಹಸಿರು ದೊಣ್ಣೆ ಮೆಣಸಿನಕಾಯಿ, ಅದೇ ಪೈರಜೀನ್ ಇಲ್ಲೂ ಇಣುಕುತ್ತದೆ. ಹಣ್ಣು ಪೂರ್ತಿ ಮಾಗದೆ ಕೊಯ್ದಿದ್ದರೆ ಅದು ಜೋರಾಗಿಯೇ ಬರುತ್ತದೆ. ಇದು ಸಣ್ಣ ಹಣ್ಣಿನ, ದಪ್ಪ ಸಿಪ್ಪೆಯ, ನಿಧಾನವಾಗಿ ಮಾಗುವ ತಳಿಯಾದ್ದರಿಂದ ಒಗರಿನ ಪಾಠಕ್ಕೆ ಇದನ್ನು ಮೀರಿಸಿದ್ದಿಲ್ಲ. ಚೀಟಿಯಲ್ಲಿ ಬ್ಲ್ಯಾಕ್‌ಕರಂಟ್ ಎಂದಿದ್ದಲ್ಲಿ ನಾವು ನೇರಳೆಯನ್ನೂ, ಮೇ ತಿಂಗಳ ಕಪ್ಪು ಕವಳಿಹಣ್ಣನ್ನೂ ಇಟ್ಟುಕೊಂಡರೆ ಗುರುತು ತಪ್ಪುವುದಿಲ್ಲ.

ನಮ್ಮ ಓಣಿಯ ಹಿರಿಯರೊಬ್ಬರು ಮೊದಲ ಬಾರಿಗೆ ಕ್ಯಾಬರ್ನೆಯನ್ನು ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಒಸಡಿನ ಮೇಲೆ ನಾಲಿಗೆ ಸವರಿ ಹೇಳಿದ ಮಾತು ನನಗೆ ಈಗಲೂ ನೆನಪಿದೆ: “ತಮ್ಮಾ, ನೇರಳಿಹಣ್ಣ ತಿಂದು ನೀರ ಕುಡೀಲಾರದ ಕುಂತಂಗ ಆತಲ್ಲೋ.” “ಹೌದ್ರೀ ಕಾಕಾ, ಅದ ಒಗರು,” ಎಂದೆ. ಬಾಟಲಿಯ ಚೀಟಿಯಲ್ಲಿ ನಾಲ್ಕು ಸಾಲು ಹಿಡಿದಿದ್ದ ವಿಷಯವನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು.

ಶಿರಾಜ್ ಒಗರು ನಾಲಿಗೆಯ ನಡುವಿನಲ್ಲಿ ಹರಡಿ ಬೇಗ ಹೋಗುತ್ತದೆ. ಕ್ಯಾಬರ್ನೆಯ ಒಗರು ಒಸಡು, ಕೆನ್ನೆಯ ಒಳಬದಿಗಳಲ್ಲಿ ಹಿಡಿದು ನಿಲ್ಲುತ್ತದೆ. ಇದು ನನ್ನ ಬಾಯಿಯ ಲೆಕ್ಕ. ನಿಮ್ಮ ಬಾಯಿಯ ಲೆಕ್ಕ ತುಸು ಬೇರೆಯಾದರೂ, ಎರಡರ ಕಾಲಾವಧಿಯನ್ನು ಎಣಿಸಿ ಬರೆದಿಟ್ಟುಕೊಂಡರೆ ಮುಂದಿನ ಬಾಟಲಿಗೆ ಉಪಯೋಗವಾಗುತ್ತದೆ.

ಆರನೆಯ ಹೆಜ್ಜೆ: ನಂಟರ ಪರಿಚಯ

ನಾಲ್ಕು ತಳಿಗಳು ಕೈವಶವಾದ ಮೇಲೆ ಉಳಿದವುಗಳನ್ನು ಅವುಗಳಿಗೆ ಹೋಲಿಸಿ ನೋಡುವುದು ಸುಲಭ. ಮೆರ್ಲೋ ಕ್ಯಾಬರ್ನೆಯ ಮಲಸಹೋದರ. ಇಬ್ಬರಿಗೂ ಕ್ಯಾಬರ್ನೆ ಫ್ರಾಂಕ್ ತಂದೆ. ಮೆರ್ಲೋದಲ್ಲಿ ಒಗರು ಕಡಿಮೆ, ಮೈ ಮೆತ್ತಗೆ. ಒಗರು ಸೇರದವರು ಕೆಂಪು ವೈನನ್ನು ಇದರಿಂದ ಆರಂಭಿಸಬಹುದು. ಇಟಲಿಯ ಟಸ್ಕನಿಯ ಸ್ಯಾಂಜಿಯೊವೇಸೆಯಲ್ಲಿ ಹುಳಿ ಎತ್ತರದ್ದು, ಟೊಮೆಟೊ ಇರುವ ಅಡುಗೆಗೆ ಹೊಂದುತ್ತದೆ. ಸ್ಪೇನಿನ ಟೆಂಪ್ರನಿಯೋ ಬೇಗ ಮಾಗುವುದರಿಂದಲೇ ಆ ಹೆಸರು ಪಡೆಯಿತು. ಹುಳಿ ಸಾಧಾರಣ, ಒಣಗಿದ ಎಲೆಯಂಥ ವಾಸನೆ. ನನಗಂತೂ ಇದನ್ನು ಮೂಸಿದಾಗ ಬಿಸಿಲಲ್ಲಿ ಒಣಗಿದ ಬ್ಯಾಡಗಿ ಮೆಣಸಿನಕಾಯಿಯ ಖಾರವಿಲ್ಲದ, ಸಿಹಿ ಬೆರೆತ ಸಿಪ್ಪೆಯ ವಾಸನೆ ನೆನಪಾಗುತ್ತದೆ. ಜಿನ್‌ಫಾಂಡೆಲ್ ಕ್ಯಾಲಿಫೋರ್ನಿಯದ್ದೆಂದು ಹೆಸರಾದರೂ ಇಟಲಿಯ ಪ್ರಿಮಿಟಿವೋ ಮತ್ತು ಕ್ರೊಯೇಷಿಯದ ಹಳೆಯ ತಳಿಯೊಂದು ಅದೇ ಎಂದು ಸಾಬೀತಾಗಿದೆ. ಒಂದೇ ಗೊಂಚಲಲ್ಲಿ ಕಾಯಿ, ಹಣ್ಣು, ಒಣದ್ರಾಕ್ಷಿ ಮೂರೂ ಇರುವಷ್ಟು ಅಸಮವಾಗಿ ಮಾಗುವುದು ಅದರ ಸ್ವಭಾವ. ಪಿನೋ ನ್ವಾರ್ ತೆಳು ಸಿಪ್ಪೆಯ, ತಂಪು ಬಯಸುವ ಬರ್ಗಂಡಿಯ ತಳಿ. ನಮ್ಮ ಬಿಸಿಲಿಗೆ ಅದು ಒಗ್ಗುವುದು ಕಷ್ಟ.

ಬಿಳಿಯಲ್ಲಿ ವಿಯೋನ್ಯೇ ಆಪೂಸ್ ಮಾವು ಮತ್ತು ಸಂಪಿಗೆಯನ್ನು ನೆನಪಿಸುವ, ಹುಳಿ ಕಡಿಮೆಯಿರುವ ತಳಿ. ರೀಸ್ಲಿಂಗ್ ಜರ್ಮನಿಯದು, ಹುಳಿಯ ಅರಸು, ಹಳೆಯದಾದರೆ ಅದರಲ್ಲಿ ಸೀಮೆಎಣ್ಣೆಯನ್ನು ಹೋಲುವ ವಾಸನೆ ಏಳುತ್ತದೆ; ಅದು ದೋಷವಲ್ಲ. ಮಸ್ಕಟ್‌ಗೆ ಸುಲಭದ ಗುರುತಿದೆ. ಒಂದು ಚಮಚ ಹವೀಜ, ಅಂದರೆ ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ತಿಕ್ಕಿ ಮೂಸಬೇಕು. ಅದರ ಪರಿಮಳದ ಮುಖ್ಯ ಭಾಗವಾದ ಲಿನಲೂಲ್ ಮಸ್ಕಟ್ ದ್ರಾಕ್ಷಿಯಲ್ಲೂ ಧಾರಾಳವಾಗಿದೆ.

ಬಿಳಿ ತಳಿಯಾದ ಶಾರ್ಡನೆಯನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ಅದರದೇ ವಾಸನೆ ಮೆಲುವಾದದ್ದು, ಹೀಗಾಗಿ ತಯಾರಕರು ಮಾಡಿದ್ದೆಲ್ಲ ಅದರ ಮೇಲೆ ಎದ್ದು ಕಾಣುತ್ತದೆ. ಬೆಣ್ಣೆಯ ವಾಸನೆ ಬಂದರೆ ಅದು ದ್ರಾಕ್ಷಿಯದಲ್ಲ. ಬ್ಯಾಕ್ಟೀರಿಯಗಳು ಮ್ಯಾಲಿಕ್ ಆಮ್ಲವನ್ನು ಮೆದುವಾದ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸುವಾಗ ಹುಟ್ಟುವ ಡೈಅಸಿಟೈಲ್‌ನದು. ವೆನಿಲ್ಲಾ, ಲವಂಗ, ಒಣಕೊಬ್ಬರಿಗಳ ವಾಸನೆ ಬಂದರೆ ಅದು ಓಕ್ ಮರದ ಪೀಪಾಯಿಯದು. ಕೆಂಪು ವೈನ್‌ಗೂ ಇದು ಅನ್ವಯಿಸುತ್ತದೆ. ‘ರಿಸರ್ವ್’ ಎಂದು ಬರೆದ ಬಾಟಲಿಯಲ್ಲಿ ಸಾಮಾನ್ಯವಾಗಿ ಪೀಪಾಯಿಯ ಪಾಲು ಹೆಚ್ಚಾಗಿರುವುದರಿಂದ, ತಳಿಯನ್ನು ಕಲಿಯುವಾಗ ರಿಸರ್ವ್ ಅಲ್ಲದ ಸಾದಾ ಬಾಟಲಿಯನ್ನೇ ಕೊಳ್ಳುವುದು ಜಾಣತನ. ಹಣವೂ ಉಳಿಯುತ್ತದೆ.

ಏಳನೆಯ ಹೆಜ್ಜೆ: ರೊಟ್ಟಿ, ಎಣ್ಣಗಾಯಿ, ಸಾವಜಿ

ತಳಿಯ ಗುಣ ಪೂರ್ತಿ ತಿಳಿಯುವುದು ಊಟದ ಎದುರಿನಲ್ಲಿ. ಇಲ್ಲಿ ನೆನಪಿಡಬೇಕಾದ ಮುಖ್ಯ ನಿಯಮ ಖಾರದ್ದು. ಮೆಣಸಿನಕಾಯಿಯ ಉರಿಯನ್ನು ಆಲ್ಕೋಹಾಲ್ ಹೆಚ್ಚಿಸುತ್ತದೆ, ಒಗರು ಇನ್ನಷ್ಟು ಒರಟಾಗಿಸುತ್ತದೆ. ಹುಬ್ಬಳ್ಳಿ ಗದಗಗಳ ಸಾವಜಿ ಖಾನಾವಳಿಯ ಮಟನ್ ಸಾರಿನ ಎದುರು ಶೇ 14ರ ಕ್ಯಾಬರ್ನೆಯನ್ನು ಇಟ್ಟರೆ ವೈನ್ ಕಹಿಯಾಗಿ, ಸಾರು ಬೆಂಕಿಯಾಗಿ, ಎರಡೂ ಹಾಳಾಗುತ್ತವೆ. ಮಾಂಸಕ್ಕೆ ಕೆಂಪು ಎಂಬ ಸೂತ್ರ ಇಲ್ಲಿ ನಡೆಯದು. ಅರೆಸಿಹಿ ಶೆನಿನ್ ಅಥವಾ ತಣ್ಣಗಿನ ರೋಸೆ ಆ ಖಾರವನ್ನು ಸಂಭಾಳಿಸುತ್ತದೆ. ಮಿರ್ಚಿಭಜಿಗೂ ಗಿರ್ಮಿಟ್ಟಿಗೂ ನೊರೆ ಬರುವ ಶೆನಿನ್ ಇದ್ದರೆ ಎಣ್ಣೆಯ ಜಿಡ್ಡನ್ನು ಅದರ ಹುಳಿ ತೊಳೆದುಹಾಕುತ್ತದೆ.

ಕ್ಯಾಬರ್ನೆಗೆ ಹೊಂದುವುದು ಖಾರ ಇಳಿಸಿ ಮಾಡಿದ ಬದನೆಕಾಯಿ ಎಣ್ಣಗಾಯಿ. ಅದರಲ್ಲಿನ ಶೇಂಗಾ ಮತ್ತು ಗುರೆಳ್ಳಿನ ಪುಡಿಯ ಜಿಡ್ಡು ಒಗರಿನ ಏಣನ್ನು ಮುರಿಯುತ್ತದೆ. ಜೋಳದ ರೊಟ್ಟಿಯ ಸುಟ್ಟ ಅಂಚಿಗೆ ಶಿರಾಜ್ ಚೆನ್ನ. ಸಿಹಿತಿಂಡಿಯ ವಿಷಯದಲ್ಲಿ ವೈನ್ ತಿಂಡಿಗಿಂತ ಸಿಹಿಯಾಗಿರಬೇಕು. ಧಾರವಾಡ ಪೇಡಾ ತಿಂದ ಮೇಲೆ ಸಿಹಿಯಿಲ್ಲದ ಸೋವಿನ್ಯೋನ್ ಬ್ಲಾಂಕ್ ಕುಡಿದರೆ ಹುಳಿನೀರೇ ಸರಿ. ಅದಕ್ಕೂ ಶೇಂಗಾ ಹೋಳಿಗೆಗೂ ತಡವಾಗಿ ಕೊಯ್ದ ಶೆನಿನ್ ಬೇಕು.

ಎಂಟನೆಯ ಹೆಜ್ಜೆ: ಕಾಗದ ಸುತ್ತಿ ಪರೀಕ್ಷೆ

ತಿಂಗಳೊಪ್ಪತ್ತಿನ ಬಳಿಕ ಅದೇ ನಾಲ್ಕು ತಳಿಗಳನ್ನು ಬೇರೆ ತಯಾರಕರಿಂದ ತರಿಸಿ, ಕುಡಿಯದೆ ಇರುವವರೊಬ್ಬರ ಕೈಯಿಂದ ಬಾಟಲಿಗಳಿಗೆ ಹಳೆಯ ದಿನಪತ್ರಿಕೆ ಸುತ್ತಿಸಿ, ಕತ್ತಿಗೆ ರಬ್ಬರ್ ಬ್ಯಾಂಡ್ ಹಾಕಿಸಿ, ಅಂಕಿ ಬರೆಸಬೇಕು. ಬಿಳಿಯಿಂದ ಕೆಂಪಿಗೆ, ಹಗುರದಿಂದ ಭಾರಕ್ಕೆ ಸಾಗುತ್ತ, ಪ್ರತಿಯೊಬ್ಬರೂ ಮಾತಾಡದೆ ತಮ್ಮ ತಮ್ಮ ಹಾಳೆಯಲ್ಲಿ ಹುಳಿ, ಒಗರು, ಮೈ, ವಾಸನೆ ಎಂಬ ನಾಲ್ಕು ಕಾಲಂಗಳನ್ನು ತುಂಬಬೇಕು. ಒಬ್ಬರು ಬಾಯಿಬಿಟ್ಟು “ಪೇರಲ” ಎಂದರೆ ಉಳಿದವರಿಗೆಲ್ಲ ಪೇರಲವೇ ಬರತೊಡಗುತ್ತದೆ, ಆದ್ದರಿಂದ ಮೌನ ಕಡ್ಡಾಯ. ಎರಡು ಲೋಟಗಳ ನಡುವೆ ನೀರು ಮತ್ತು ಒಂದು ಚೂರು ಖಡಕ್ ರೊಟ್ಟಿ ಸಾಕು, ಚಟ್ನಿ ಬೇಡ. ಉಳಿದ ವೈನನ್ನು ಬಿರಡೆ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ತಾಳುತ್ತದೆ. ಬಾಟಲಿಯ ತಳದಲ್ಲಿ ಸಕ್ಕರೆ ಹರಳಿನಂತೆ ಏನಾದರೂ ಕಂಡರೆ ಗಾಬರಿಯಾಗಿ ಚೆಲ್ಲಬಾರದು. ಅದು ತಣ್ಣಗಾದಾಗ ಹರಳುಗಟ್ಟಿದ ಟಾರ್ಟಾರಿಕ್ ಆಮ್ಲದ ಲವಣ, ನಿಮ್ಮ ಹುಣಸೆಹಣ್ಣಿನ ಹುಳಿಯ ನಂಟು.